ಕೇಳಿಯೇ ಒಪ್ಪಿಕೊಂಡದ್ದು

ತಿರುವನಂತಪುರಂ
9 ಜೂನ್ 2024

ಗ್ರೀಷ್ಮಾ,

ಕಾಗದ ಕೈಗೆ ಬಂದ ತಕ್ಷಣ ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಎಷ್ಟು ಚೆನ್ನಾಗಿ ಮಾತಾಡುತ್ತೇವೆ ಎಂಬುದನ್ನು ಮಾರ್ಚ್‌ನಿಂದ ನೋಡಿ ಆಗಿದೆ. ನಾನು ಒಂದು ಅನ್ನುತ್ತೇನೆ, ನೀನು ಮಲಯಾಳಂನಲ್ಲಿ ಎರಡು ಅನ್ನುತ್ತೀ, ಆಮೇಲೆ ಯಾರಾದರೊಬ್ಬರು ಕಟ್ ಮಾಡುತ್ತೇವೆ. ಕಾಗದವನ್ನು ಹಾಗೆ ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಬೇಕಾದರೆ ಹರಿದು ಹಾಕಬಹುದು, ಅಷ್ಟರಲ್ಲಿ ಓದಿ ಆಗಿರುತ್ತದೆ. ನೀನೂ ಕನ್ನಡದಲ್ಲೇ ಬರೆ. ಬೇಸಿಗೆ ರಜೆಗಳಲ್ಲಿ ಕಿವಿ ಹಿಂಡಿ ಕಲಿಸಿದ್ದು ಅಷ್ಟು ಸುಲಭಕ್ಕೆ ಮರೆತುಹೋಗುವುದಿಲ್ಲ.

ಪ್ರಮೋದನ ವಿಷಯ ನಾನು ಎತ್ತುವುದಿಲ್ಲ. ನಿಶ್ಚಿತಾರ್ಥವಾದ ಮೇಲೆ ಉಂಗುರ ತೆಗೆದಿಟ್ಟು ರೈಲು ಹತ್ತಿದವಳು ನೀನು. ಹೇಳಬೇಕಾದ್ದೇನಾದರೂ ಇದ್ದರೆ ನೀನೇ ಹೇಳುತ್ತೀ. ಪ್ರತಿ ಶುಕ್ರವಾರ ಕೊಚ್ಚಿಯಿಂದ ಓಡಿ ಬರುತ್ತಿದ್ದವಳು ಆಮೇಲೆ ಇತ್ತ ತಲೆ ಹಾಕಿಲ್ಲ. ಬಾ ಎಂದು ಬರೆಯುವುದಿಲ್ಲ. ಮನೆಯ ಬಾಗಿಲು ಎಲ್ಲಿದೆ ಎಂದು ನಿನಗೆ ಗೊತ್ತು.

ಈಗ ಬರೆಯುತ್ತಿರುವುದು ಆಂಪ್ಲಿಫೈಯರಿನ ವಿಷಯ. ನಾನು ನಿವೃತ್ತಳಾದಾಗ ತರಿಸಿದ ಸ್ಪೀಕರುಗಳು ನೆನಪಿವೆಯಲ್ಲ, ಹಾಲಿನಲ್ಲಿ ಮುನಿಸಿಕೊಂಡ ಬೀಗರ ಹಾಗೆ ನಿಂತಿರುವ ಎರಡು ಕಂಬಗಳು. ಮಹಾ ಹಟಮಾರಿಗಳು ಅವು. ತಗ್ಗಿನ ಸ್ವರ ಬಂದಾಗ ಅವುಗಳ ತಡೆ ಎರಡು ಓಮಿನವರೆಗೆ ಇಳಿಯುತ್ತದೆ. ಆ ಕ್ಷಣಕ್ಕೆ ಧಾರಾಳವಾಗಿ ಕರೆಂಟು ಕೊಡುವ ಆಂಪ್ಲಿಫೈಯರ್ ಬೇಕು. ನಮ್ಮ ಹಳೆಯದಕ್ಕೆ ಆ ತಾಕತ್ತಿಲ್ಲ. ಮೃದಂಗದ ಎಡಗೈ ಸ್ವಲ್ಪ ಜೋರಾದರೆ ಸಾಕು, ಬಿಸಿಯಾಗಿ ತಾನೇ ಆರಿಹೋಗುತ್ತದೆ. ಬಾಹ್ಯಾಕಾಶ ಕೇಂದ್ರದಲ್ಲಿ ರಾಕೆಟ್ಟಿನ ಭಾಗಗಳು ಸದ್ದಿಗೆ ತಡೆಯುತ್ತವೆಯೇ ಎಂದು ಪರೀಕ್ಷೆ ಮಾಡುತ್ತ ನೌಕರಿ ಮುಗಿಸಿದವಳು ನಾನು. ನನ್ನದೇ ಹಾಲಿನಲ್ಲಿ ಒಂದು ಕೃತಿಯನ್ನು ಪೂರ್ತಿ ಕೇಳಲು ಆಗುತ್ತಿಲ್ಲ. ಕೂರುತ್ತೇನೆ, ಏಳುತ್ತೇನೆ, ತಂತಿ ಬದಲಿಸುತ್ತೇನೆ, ಮತ್ತೆ ಕೂರುತ್ತೇನೆ. ನಿನ್ನ ಅಪ್ಪ ವಾರ್ತೆ ನೋಡಲು ಮಲಗುವ ಕೋಣೆಗೆ ವಲಸೆ ಹೋಗಿದ್ದಾರೆ.

ಒಳ್ಳೆಯ ಸಾಮಾನು ಇರುವುದು ಎರ್ನಾಕುಳಂನಲ್ಲಿ. ನೀನೂ ಅಲ್ಲೇ ಇದ್ದೀ. ವಲ್ಲಾರ್ಪಾಡಂ ಬಂದರಿನಲ್ಲಿ ಯಾವ ಕಂಟೇನರ್ ಯಾವ ಹಡಗಿಗೆ ಎಂದು ಹೊಂದಿಸುವವಳಿಗೆ ನನ್ನ ಸ್ಪೀಕರಿಗೆ ಹೊಂದುವ ಒಂದು ಪೆಟ್ಟಿಗೆ ಹುಡುಕುವುದು ಕಷ್ಟವಾಗಲಾರದು. ಭಾನುವಾರ ಎಂ.ಜಿ. ರೋಡಿನ ಅಂಗಡಿಗೆ ಹೋಗಿ ಬರುತ್ತೀಯಲ್ಲ.

ಉತ್ತರಕ್ಕೆ ಕಾಯುತ್ತಿಲ್ಲ, ಬಂದರೆ ಓದುತ್ತೇನೆ.
ನಿನ್ನ ಅಮ್ಮ,
ನಿರ್ಮಲ


ಕಲೂರು, ಕೊಚ್ಚಿ
23 ಜೂನ್ 2024

ಅಮ್ಮಾ,

ಕಾಗದ ಬಂತು. ನನ್ನ ಕೋಣೆಯಲ್ಲಿರುವ ಅಪರ್ಣಾ ಹೆದರಿಬಿಟ್ಟಳು. ಅಂಚೆಯಲ್ಲಿ ಬರುವುದೆಂದರೆ ಕೋರ್ಟಿನ ನೋಟಿಸು ಮಾತ್ರ ಎಂದು ಅವಳು ತಿಳಿದಿದ್ದಾಳೆ. ಅಮ್ಮನ ಕಾಗದ ಎಂದೆ. ಅದಕ್ಕೂ ಹೆದರಿದಳು.

ಅಂಗಡಿಗೆ ಹೋದೆ. ಆದರ್ಶ ಎಂಬ ಸೇಲ್ಸ್‌ಮನ್ ಊಟದ ಡಬ್ಬಿಯಷ್ಟೇ ದೊಡ್ಡ ಒಂದು ಆಂಪ್ಲಿಫೈಯರ್ ತೋರಿಸಿದ. ಕ್ಲಾಸ್ ಡಿ ಎಂಬ ಹೊಸ ಬಗೆಯದಂತೆ. "ಚೇಚಿ, ಇದು ಬಿಸಿಯಾಗೋದೇ ಇಲ್ಲ. ಎರಡು ಓಮ್ ಅಲ್ಲ, ಒಂದು ಓಮ್ ಕೊಟ್ಟರೂ ನಗ್ತಾ ಇರುತ್ತೆ," ಎಂದು ಮಲಯಾಳಂನಲ್ಲಿ ಹೇಳಿದ. ಒಂದು ಹಾಡು ಹಾಕಿದ. ದ್ವನಿ ಸ್ವಚ್ಛವಾಗಿತ್ತು. ಎಲ್ಲ ಸರಿಯಾಗಿತ್ತು. ಆದರೆ ನನಗೆ ಬೇಗ ಎದ್ದು ಹೊರಗೆ ಹೋಗೋಣ ಅನಿಸಿತು. ಯಾಕೆ ಎಂದು ಗೊತ್ತಿಲ್ಲ. ಎಸಿ ಜಾಸ್ತಿ ಇತ್ತು, ಅದಕ್ಕೂ ಇರಬಹುದು.

ಪ್ರಮೋದನ ವಿಷಯ ಎತ್ತುವುದಿಲ್ಲ ಎಂದು ಬರೆದಿದ್ದೀ. ಎತ್ತಬೇಡ ಎಂದು ನಾನು ಹೇಳಿರಲಿಲ್ಲ.

ಬಂದರಿಗೆ ಹಡಗು ಬಂದಿದೆ, ಓಡಬೇಕು.
ಗ್ರೀಷ್ಮಾ


ತಿರುವನಂತಪುರಂ
6 ಜುಲೈ 2024

ಗ್ರೀಷ್ಮಾ,

ಧ್ವನಿಗೆ ಹೊಟ್ಟೆ ಸೀಳಬೇಕು. ನೀನು ಸೀಳದೆ ಬಿಟ್ಟದ್ದರಿಂದ ಪಾಪ ಅದು ಉಸಿರಿಲ್ಲದೆ ಬಿದ್ದಿದೆ. ಉಳಿದಂತೆ ಕಾಗುಣಿತ ಪರವಾಗಿಲ್ಲ.

"ಎಲ್ಲ ಸರಿಯಾಗಿತ್ತು, ಎದ್ದು ಹೊರಗೆ ಹೋಗೋಣ ಅನಿಸಿತು" ಎಂದು ಬರೆದಿದ್ದೀಯಲ್ಲ, ನನ್ನ ಕೈಕೆಳಗೆ ಇದ್ದ ಹುಡುಗರು ಪುಟಗಟ್ಟಲೆ ವರದಿ ಬರೆದರೂ ಇಷ್ಟು ಖಚಿತವಾಗಿ ಬರೆಯುತ್ತಿರಲಿಲ್ಲ. ಅದನ್ನು ಓದಿ ಕ್ಲಾಸ್ ಡಿ ಬಿಟ್ಟೆ. ಸೋಮವಾರ ಬಿಟ್ಟೆ, ಬುಧವಾರ ಮತ್ತೆ ಬೇಕೆನಿಸಿತು, ನಿನ್ನೆ ಪೂರ್ತಿ ಬಿಟ್ಟೆ. ಈಗ ಮನಸ್ಸು ವಾಲ್ವ್ ಕಡೆ ತಿರುಗಿದೆ, ಗಾಜಿನ ಬುರುಡೆಗಳು ಕೆಂಪಗೆ ಉರಿಯುವ ಹಳೆಯ ಕಾಲದ ಬಗೆ. ನನ್ನ ಸ್ಪೀಕರಿಗೆ ಅದರ ಕರೆಂಟು ಸಾಲದು ಎಂದು ಬುದ್ಧಿ ಹೇಳುತ್ತದೆ. ಒಮ್ಮೆ ನೋಡೋಣ ಎಂದು ಮತ್ತೇನೋ ಹೇಳುತ್ತದೆ. ಈ ನಡುವೆ ಒಂದು ಕಡೆ ಕೂತರೆ ಕಾಲು ತಾನೇ ಅಲುಗಾಡುತ್ತದೆ.

"ಯಾವುದಾದ್ರೂ ಒಂದು ತಗೊಂಡು ಮುಗಿಸಬಾರದಾ ನಿರ್ಮಲಾ? ನನಗಂತೂ ಈ ಮನೇಲಿ ಕುರ್ಚಿ ಸರಿಸೋಕೂ ಭಯ, ಎಲ್ಲಿ ಪ್ರತಿಧ್ವನಿ ಬದಲಾಯ್ತು ಅಂತೀಯೋ ಅಂತ," ಎಂದು ನಿನ್ನ ಅಪ್ಪ ಗೊಣಗುತ್ತಾರೆ. ಸಂಜೆ ಹಾಲು ತರುವ ನೆಪದಲ್ಲಿ ಅವರು ನಿನಗೆ ಫೋನ್ ಮಾಡುವುದು ನನಗೆ ಗೊತ್ತಿಲ್ಲ ಎಂದು ಇಬ್ಬರೂ ತಿಳಿದುಕೊಂಡಿದ್ದೀರಿ. ಹಾಗೇ ತಿಳಿದುಕೊಂಡಿರಿ.

ಆಲುವದಲ್ಲಿ ರಾಮಚಂದ್ರ ಎಂಬವರಿದ್ದಾರೆ. ಕಾಸರಗೋಡಿನ ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ತಮ್ಮ ವಾಲ್ವ್ ಆಂಪ್ಲಿಫೈಯರ್ ಮಾರುತ್ತಾರಂತೆ. ವಿಳಾಸ ಹಿಂದಿನ ಪುಟದಲ್ಲಿದೆ. ಮೆಟ್ರೋ ಹತ್ತಿದರೆ ಕೊನೆಯ ನಿಲ್ದಾಣ, ನಿನಗೆ ದೂರವೇನಲ್ಲ. ಹೋಗಿ ಅವರನ್ನು ಚೆನ್ನಾಗಿ ಕೇಳು. ಏನನ್ನೂ ಬಿಡಬೇಡ. ಕನ್ನಡದವರೇ ಆದ್ದರಿಂದ ಸಂಕೋಚ ಬೇಡ.

ಕಾಲು ಅಲುಗಾಡಿಸುತ್ತಲೇ,
ಅಮ್ಮ


ಕಲೂರು, ಕೊಚ್ಚಿ
21 ಜುಲೈ 2024

ಅಮ್ಮಾ,

ರಾಮಚಂದ್ರ ಅಂಕಲ್ ಮನೆಗೆ ಹೋಗಿದ್ದೆ. ನೀನು ಹೇಳಿದ ಹಾಗೆಯೇ ಮಾಡಿದೆ.

ಬಾಗಿಲಲ್ಲೇ "ಬಾ ಮಾರಾಯ್ತಿ, ಕೂತ್ಕೊ. ಆಂಪ್ಲಿಫೈಯರ್ ಎಲ್ಲಿಗೂ ಓಡಿ ಹೋಗುದಿಲ್ಲ," ಎಂದರು. ಚಾಯ ಬಂತು, ಬಾಳೆಹಣ್ಣು ಕರಿದ ಪಳಂಪೊರಿ ಬಂತು. ಅವರು ಬ್ಯಾಂಕಿನ ಕತೆ ಶುರು ಮಾಡಿದರು. ಯಾವ ಊರಿಗೆ ಟ್ರಾನ್ಸ್‌ಫರ್ ಆಯಿತು, ಅಲ್ಲಿ ಮನೆ ಹೇಗಿತ್ತು, ಅಣ್ಣನ ಜೊತೆ ಮಾತು ಯಾಕೆ ನಿಂತಿತು, ಎಲ್ಲ. ಏನನ್ನೂ ಬಿಡಬೇಡ ಎಂದು ನೀನು ಬರೆದಿದ್ದರಿಂದ ನಾನು ಬಾಯಿ ಹಾಕಲಿಲ್ಲ. ನಡುವೆ ಅವರೇ ನಿಲ್ಲಿಸಿ "ನಿಂಗೆ ಎಂತ ಕೇಳ್ಬೇಕು, ಅದು ಕೇಳು," ಎಂದರು. "ಕೇಳ್ತಾ ಇದ್ದೀನಿ ಅಂಕಲ್," ಎಂದೆ. ಅವರು ನನ್ನ ಮುಖ ನೋಡಿ, ಮತ್ತೆ ಮುಂದಿನ ಊರಿನ ಕತೆಗೆ ಹೋದರು. ಹೀಗೆ ಎರಡು ಮೂರು ಸಲ ಆಯಿತು. ಸಂಜೆ ಬಿಸಿಲು ಇಳಿಯುವಾಗ ಆಂಪ್ಲಿಫೈಯರ್ ಹಾಕಿದರು. ಬುರುಡೆಗಳು ಚೆನ್ನಾಗಿ ಕಾಣುತ್ತವೆ. ಹಾಡು ಬೆಲ್ಲದ ಹಾಗೆ ಇತ್ತು, ಸ್ವಲ್ಪ ಹೆಚ್ಚೇ ಬೆಲ್ಲ.

ಹೊರಡುವಾಗ ಅವರು ಅಂದರು: "ನನ್ನ ಮಾತು ಇಷ್ಟು ಹೊತ್ತು ಕೇಳಿದವ್ರು ಯಾರೂ ಇಲ್ಲ ಮಗಳೇ."

ವಾಪಸು ಬರುವಾಗ ಮೆಟ್ರೋದಲ್ಲಿ ನನಗೆ ಅಳು ಬಂತು. ಗೊತ್ತಿಲ್ಲದವರ ಮಾತನ್ನು ಅಷ್ಟು ಹೊತ್ತು ಕೇಳಿದೆ, ನನ್ನ ಮಾತನ್ನು ಹಾಗೆ ಯಾರು ಕೇಳುತ್ತಾರೆ ಅನಿಸಿತು. ಇದು ಆಂಪ್ಲಿಫೈಯರಿನ ವಿಷಯ ಅಲ್ಲ.

ಗ್ರೀಷ್ಮಾ


ತಿರುವನಂತಪುರಂ
28 ಜುಲೈ 2024

ಗ್ರೀಷ್ಮಾ,

ನಿನ್ನ ಕಾಗದ ಓದಿ ಅಪ್ಪ ನಕ್ಕೂ ನಕ್ಕೂ ಕೆಮ್ಮಿದರು. ನನಗೆ ನಗು ಬರಲಿಲ್ಲ. ಎರಡು ಓಮ್ ತಡೆಯುತ್ತದೆಯೇ ಎಂದು ಗೊತ್ತಾಗಲಿಲ್ಲ, ವಾಲ್ವ್ ಎಷ್ಟು ಹಳೆಯದು ಗೊತ್ತಾಗಲಿಲ್ಲ, ಅವರು ಯಾಕೆ ಮಾರುತ್ತಿದ್ದಾರೆ ಎಂಬುದೂ ಗೊತ್ತಾಗಲಿಲ್ಲ. ಅವರ ಅಣ್ಣನ ಜಗಳ ಮಾತ್ರ ನನಗೆ ಪೂರ್ತಿ ಗೊತ್ತಾಯಿತು. ಕೇಳು ಎಂದರೆ ಪ್ರಶ್ನೆ ಹಾಕು ಎಂದು ಕಣೇ. ಅವರೂ ಅಷ್ಟು ಸಲ ಹೇಳಿದ್ದಾರೆ, ಏನು ಕೇಳಬೇಕೋ ಕೇಳು ಎಂದು. ನೀನು ಕಿವಿ ತೆರೆದುಕೊಂಡು ಕೂತಿದ್ದೀ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತು, ಇದೆಂಥ ಎಡವಟ್ಟು.

ವಾಲ್ವನ್ನೂ ಬಿಟ್ಟೆ.

ಅಳು ಬಂತು ಎಂದು ಬರೆದದ್ದನ್ನು ಎರಡು ಸಲ ಓದಿದೆ. ಎದ್ದು ಹೋಗಿ ಸ್ಪೀಕರುಗಳನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದೆ. ಆಮೇಲೆ ಮತ್ತೆ ಹಿಂದಕ್ಕೆ ತಳ್ಳಿದೆ. ಊಟ ಸರಿಯಾಗಿ ಮಾಡುತ್ತಿದ್ದೀಯಲ್ಲ.

ಅಮ್ಮ


ಕಲೂರು, ಕೊಚ್ಚಿ
29 ಆಗಸ್ಟ್ 2024

ಅಮ್ಮಾ,

ಇಷ್ಟು ದಿನ ಬರೆಯಲು ಆಗಲಿಲ್ಲ. ನಿನ್ನ 'ಕೇಳು' ತಲೆಯೊಳಗೆ ಬಂದು ಕೂತಿತು, ಏಳಲೇ ಇಲ್ಲ. ಕೆಲಸದಲ್ಲೂ ತಪ್ಪು ಮಾಡಿದೆ, ಕೊಲಂಬೋಗೆ ಹೋಗುವ ಕಂಟೇನರನ್ನು ಬೇರೆ ಸಾಲಿನಲ್ಲಿ ಇಡಿಸಿದೆ.

ಮಲಯಾಳಂನಲ್ಲಿ ಪ್ರಶ್ನೆ ಹಾಕುವುದಕ್ಕೆ ಚೋದಿಕ್ಕುಗ, ಕಿವಿಗೆ ಬೀಳುವುದಕ್ಕೆ ಕೇಳ್ಕುಗ. ಎರಡೂ ಬೇರೆ ಬೇರೆ. ಕನ್ನಡದಲ್ಲಿ ಒಂದೇ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಆದರೆ ಸಿಟ್ಟು ಬಂದಾಗ, ಅಳು ಬಂದಾಗ ನನ್ನ ತಲೆ ಮಲಯಾಳಂನಲ್ಲೇ ಓಡುತ್ತದೆ. ಆಗ ಕೇಳು ಎಂದರೆ ಒಂದೇ ಅರ್ಥ.

ಮಾರ್ಚ್‌ನಲ್ಲಿ ನಾನು ಉಂಗುರ ತೆಗೆದು ಮೇಜಿನ ಮೇಲೆ ಇಟ್ಟಾಗ ನೀನು ಏನಂದೆ? "ಕೇಳೇ ಒಪ್ಕೊಂಡಿದ್ದು ಕಣೇ ನಾನು," ಅಂದೆ.

ನಿಶ್ಚಿತಾರ್ಥದ ಹಿಂದಿನ ಸಂಜೆ ನಾನು ಒಳಕೋಣೆಯಲ್ಲಿ ಅಪರ್ಣಾಗೆ ಫೋನ್ ಮಾಡಿ ಅಳುತ್ತಿದ್ದೆ. "ಎನಿಕ್ಕು ಪಟ್ಟಿಲ್ಲ," ನನ್ನಿಂದ ಆಗುವುದಿಲ್ಲ, ಎಂದು ಎಷ್ಟು ಸಲ ಹೇಳಿದೆನೋ. ನೀನು ಹಾಲಿನಲ್ಲಿದ್ದೆ. ನಡುವೆ ಇದ್ದದ್ದು ಒಂದು ಗೋಡೆ. ಅದಕ್ಕೇ ನೀನು "ಕೇಳೇ ಒಪ್ಕೊಂಡಿದ್ದು" ಅಂದಾಗ ನನಗೆ ಅರ್ಥವಾದದ್ದು ಇಷ್ಟು: ನಿನ್ನ ಅಳು ನನಗೆ ಕೇಳಿತ್ತು, ಕೇಳಿದ ಮೇಲೂ ಒಪ್ಪಿಕೊಂಡೆ. ಅವತ್ತೇ ರೈಲು ಹತ್ತಿದೆ. ಅಲ್ಲಿಂದ ಇಲ್ಲಿಯವರೆಗೆ ಇದನ್ನೇ ನುಂಗಿಕೊಂಡಿದ್ದೇನೆ. ಈಗ ನೀನು ಎರಡು ಅರ್ಥ ಇದೆ ಎನ್ನುತ್ತೀ. ಅವತ್ತು ಹೇಳಿದ್ದು ಯಾವ ಕೇಳು?

ಪ್ರಮೋದ್ ಒಳ್ಳೆಯವನೇ. ಅವನಿಗೆ ಇದ್ದದ್ದು ಮೈಸೂರಿನ ಸೊಗಸಾದ ಕನ್ನಡ. ನನಗೆ ಮಾತಾಡುವ ಮೊದಲು ಒಳಗೆ ತರ್ಜುಮೆ ಮಾಡಬೇಕು. ಅವನ ಜೊತೆ ಒಂದು ಸಿನಿಮಾಕ್ಕೆ ಹೋಗಿ ಬಂದರೆ ತಲೆನೋವು. ಕನ್ನಡದಲ್ಲಿ ನನಗೆ ಸಿಟ್ಟು ಮಾಡಲು ಬರುವುದಿಲ್ಲ ಅಮ್ಮಾ. ಸಿಟ್ಟು ಮಾಡಲು ಬರದ ಭಾಷೆಯಲ್ಲಿ ಸಂಸಾರ ಮಾಡುವುದು ಹೇಗೆ? ಯಾಕೆ ಬಿಟ್ಟೆ ಎಂದು ನೀನು ಯಾವತ್ತಾದರೂ ಕೇಳುತ್ತೀ ಎಂದು ಕಾದೆ. ಪ್ರಶ್ನೆ ಹಾಕುವ ಕೇಳು. ನೀನು ಓಮ್ ಬಗ್ಗೆ ಬರೆದೆ.

ಗ್ರೀಷ್ಮಾ


ತಿರುವನಂತಪುರಂ
7 ಸೆಪ್ಟೆಂಬರ್ 2024

ಗ್ರೀಷ್ಮಾ,

ಪ್ರಶ್ನೆ ಹಾಕುವ ಕೇಳು. ನಿನ್ನನ್ನು ಕೇಳಿಯೇ ಒಪ್ಪಿಕೊಂಡೆ ಎಂದು ಹೇಳಿದ್ದು. ನೀನು ಅತ್ತದ್ದು ನನ್ನ ಕಿವಿಗೆ ಬಿದ್ದಿಲ್ಲ. ಹಾಲಿನಲ್ಲಿ ಸ್ಪೀಕರ್ ಹಾಕಿದ್ದೆ.

ಇಷ್ಟು ಬರೆದು ಸಹಿ ಹಾಕಿದರೆ ನನ್ನ ಪಾಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ನಿನ್ನ ಕಾಗದ ಬಂದಂದಿನಿಂದ ಸ್ಪೀಕರ್ ಹಾಕಲು ಹೋದರೆ ಕೈ ಹಿಂದಕ್ಕೆ ಬರುತ್ತದೆ. ಒಳಕೋಣೆಗೆ ಹೋಗಿ ನಿಲ್ಲುತ್ತೇನೆ, ಹಾಲಿಗೆ ಬರುತ್ತೇನೆ, ಮತ್ತೆ ಒಳಗೆ ಹೋಗುತ್ತೇನೆ. ಮಗಳು ಗೋಡೆಯ ಆಚೆ ಅಳುತ್ತಿದ್ದಾಗ ನಾನು ಮೃದಂಗದ ಎಡಗೈ ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತಿದ್ದೆ.

ಒಂದು ಮಾತು ಮಾತ್ರ ಒಪ್ಪುವುದಿಲ್ಲ. ಕನ್ನಡದಲ್ಲಿ ಸಿಟ್ಟು ಮಾಡಲು ಬರುವುದಿಲ್ಲ ಎಂದು ಬರೆದಿದ್ದೀ. ಆ ಕಾಗದವನ್ನು ನೀನೇ ಒಮ್ಮೆ ಓದಿಕೊ. ನನಗೆ ಇಡೀ ನೌಕರಿಯಲ್ಲಿ ಯಾರೂ ಹಾಗೆ ಬಿಡಿಸಿ ಬೈದದ್ದಿಲ್ಲ. ಒಂದು ಕಾಗುಣಿತವೂ ತಪ್ಪಿಲ್ಲ.

ಮತ್ತೆ, ಕೇಳಿದ್ದು ಕೇಳಿದ್ದೇ. ಅಡಿಗೆಮನೆಯಲ್ಲಿ ನೀನು ದೋಸೆ ತಿನ್ನುತ್ತಿದ್ದೆ. ನಾನು ಕೇಳಿದೆ, ನೀನು "ಉಂ" ಅಂದೆ. ಅಷ್ಟನ್ನಾದರೂ ಒಪ್ಪಿಕೊ.

ಅಂಬಲಮುಗಳಿನಲ್ಲಿ ಉಮಾಮಹೇಶ್ವರ ಎಂಬ ಎಂಜಿನಿಯರ್ ಇದ್ದಾರೆ, ರಿಫೈನರಿಯ ಕ್ವಾರ್ಟರ್ಸಿನಲ್ಲಿ. ಉತ್ತರ ಭಾರತಕ್ಕೆ ವರ್ಗವಾಗಿದೆಯಂತೆ, ಟ್ರಾನ್ಸಿಸ್ಟರಿನ ದೊಡ್ಡ ಆಂಪ್ಲಿಫೈಯರ್ ಒಂದನ್ನು ಬಿಟ್ಟುಹೋಗುತ್ತಿದ್ದಾರೆ. ಇಬ್ಬರು ಸೇರಿ ಎತ್ತಬೇಕಾದಂಥದು. ನಿನಗೆ ಮನಸ್ಸಿದ್ದರೆ ಹೋಗು. ಮೊದಲು ಪ್ರಶ್ನೆ ಹಾಕು, ಆಮೇಲೆ ಕಿವಿ ಕೊಡು. ಓಣಂಗೆ ನೀನು ಬರುತ್ತೀ ಎಂದು ಅಪ್ಪ ಹೇಳುತ್ತಿದ್ದಾರೆ. ನಾನು ಹೇಳುತ್ತಿಲ್ಲ.

ಅಮ್ಮ


ಕಲೂರು, ಕೊಚ್ಚಿ
14 ಅಕ್ಟೋಬರ್ 2024

ಅಮ್ಮಾ,

ಓಣಂಗೆ ಬರಲಿಲ್ಲ. ಟಿಕೆಟ್ ಸಿಕ್ಕಿತ್ತು, ಸ್ಟೇಷನ್ನಿಗೂ ಹೋಗಿದ್ದೆ. ಅಪರ್ಣಾ ಮನೆಯಲ್ಲಿ ಓಣಂ ಹಬ್ಬದೂಟ ಮಾಡಿದೆ.

ನಿನ್ನೆ ಅಂಬಲಮುಗಳಿಗೆ ಹೋದೆ. ಈ ಸಲ ಕೂರುವ ಮೊದಲೇ ಕೇಳಿದೆ. ಎರಡು ಓಮ್ ತಡೆಯುತ್ತದೆಯಾ? ತಡೆಯುತ್ತದೆ, ಅಲ್ಲಿ ಕರೆಂಟು ಇನ್ನೂ ಧಾರಾಳ. ಬಿಸಿ ಆಗುತ್ತದೆಯಾ? ಆಗುತ್ತದೆ, ಆದರೆ ತಾನೇ ಆರಿಹೋಗುವುದಿಲ್ಲ. ರಿಪೇರಿ ಆಗಿದೆಯಾ? ಇಲ್ಲ. ಉಮಾಮಹೇಶ್ವರ ಅವರು ನಕ್ಕು, "ಏನ್ರಿ, ಇಂಟರ್‌ವ್ಯೂ ತಗೊಳ್ಳಾಕ ಬಂದೀರೇನು?" ಎಂದರು. ಧಾರವಾಡದವರು. ನಂತರ ಬಾಯಿ ಮುಚ್ಚಿಕೊಂಡು ಕೂತೆ.

ಜೋರಾಗಿ ಹಾಕಿದಾಗ ಚೆನ್ನಾಗಿತ್ತು, ಅದು ದೊಡ್ಡ ಮಾತಲ್ಲ. ಆಮೇಲೆ ಅವರು ಬಹಳ ಸಣ್ಣಗೆ ಇಟ್ಟರು. ಸಣ್ಣಗಾದರೂ ಹಾಡು ಸೊರಗಲಿಲ್ಲ, ಮೃದಂಗದ ಎಡಗೈ ಕೂಡ ಇತ್ತು. ಅದೇ ಹೊತ್ತಿಗೆ ಒಳಗೆ ಅವರ ಮಗಳು ಪಾಠ ಓದುತ್ತಿದ್ದದ್ದೂ ಕೇಳಿಸಿತು. ನಿನಗೆ ಇದೇ ಸರಿ. ಇದನ್ನು ಸಣ್ಣಗೆ ಇಟ್ಟುಕೊಂಡರೆ ಒಳಕೋಣೆಯಲ್ಲಿ ಯಾರು ಏನು ಅಂದರೂ ಕೇಳಿಸುತ್ತದೆ. ಇದನ್ನೇ ತಗೋ.

ಈಗ ದೋಸೆಯ ವಿಷಯ. ಅವತ್ತು ನೀನು ಅಂದದ್ದು: "ನಾಳೆ ಪ್ರಮೋದನ ಮನೆಯವ್ರು ಬರ್ತಾರೆ. ನಿಂಗೂ ಒಪ್ಪಿಗೆ ಆಯ್ತಲ್ಲ." ಕೊನೆಗೆ 'ಅಲ್ಲ' ಹಚ್ಚಿದರೆ ಅದು ಪ್ರಶ್ನೆಯಾ ಅಮ್ಮಾ? ನಿನ್ನ ಕಾಗದಗಳನ್ನು ಮತ್ತೆ ತೆಗೆದು ಓದಿದೆ. ನೆನಪಿವೆಯಲ್ಲ. ಹೋಗಿ ಬರುತ್ತೀಯಲ್ಲ. ಊಟ ಮಾಡುತ್ತಿದ್ದೀಯಲ್ಲ. ಉತ್ತರವನ್ನು ನೀನೇ ಬರೆದುಬಿಟ್ಟು ಕೆಳಗೆ ಸಹಿ ಹಾಕಲು ನನ್ನನ್ನು ಕರೆಯುತ್ತೀ. ಅದಕ್ಕೆ "ಉಂ" ಬಿಟ್ಟು ಬೇರೆ ಏನು ಹೇಳಲು ಬರುತ್ತದೆ? ನಿನ್ನ ಎದುರು "ಇಲ್ಲ" ಎನ್ನುವುದಕ್ಕೆ ಜಾಗವೇ ಇರುವುದಿಲ್ಲ. ಸ್ಟೇಷನ್ನಿನಿಂದ ವಾಪಸು ಬಂದದ್ದು ಅದಕ್ಕೇ.

ಇದನ್ನೂ ಕನ್ನಡದಲ್ಲೇ ಸಿಟ್ಟು ಮಾಡಿದ್ದೇನೆ. ಕಾಗುಣಿತ ನೋಡಿಕೊ.
ಗ್ರೀಷ್ಮಾ


ತಿರುವನಂತಪುರಂ
24 ನವೆಂಬರ್ 2024

ಗ್ರೀಷ್ಮಾ,

ಅಂಬಲಮುಗಳಿನ ಆಂಪ್ಲಿಫೈಯರ್ ಬಂತು. ಅಪ್ಪ ಎತ್ತಲು ಹೋದರು. ಅವರ ಬೆನ್ನು ನಿನಗೆ ಗೊತ್ತು, ಆಮೇಲೆ ಅವರನ್ನೂ ಸೇರಿಸಿ ಎತ್ತಬೇಕಾಗುತ್ತಿತ್ತು. ಪಕ್ಕದ ಮನೆಯ ವಿನಯ್ ಬಂದು ಕೈ ಕೊಟ್ಟ. ಜಾಗದಲ್ಲಿಟ್ಟು, ತಂತಿ ಹಚ್ಚಿ, ಹಾಕಿದೆ. ಸ್ಪೀಕರುಗಳ ಹಟ ನಿಂತಿತು. ಒಂದು ಕೃತಿಯನ್ನು ಪೂರ್ತಿ ಕೇಳಿದೆ, ಎಷ್ಟೋ ತಿಂಗಳ ಮೇಲೆ. ನೀನು ಆರಿಸಿದ್ದು ಸರಿ.

ನೀನು ಬರೆದ ಹಾಗೆ ಸಣ್ಣಗೆ ಇಟ್ಟುಕೊಂಡಿದ್ದೇನೆ. ಅಪ್ಪ ಅಡಿಗೆಮನೆಯಲ್ಲಿ ಡಬ್ಬಿ ತೆರೆದು ಬೆಲ್ಲ ಕದಿಯುವುದು ಕೇಳಿಸುತ್ತದೆ. ಬೀದಿಯಲ್ಲಿ ಮೀನಿನವನು ಬಂದದ್ದು ಕೇಳಿಸುತ್ತದೆ. ಒಳಕೋಣೆಯಿಂದ ಏನೂ ಕೇಳಿಸುವುದಿಲ್ಲ. ಕೇಳಿಸಬೇಕಾದರೆ ಅಲ್ಲಿ ಯಾರಾದರೂ ಇರಬೇಕು.

ನಿನ್ನ ಕಾಗದಕ್ಕೆ ತಕ್ಷಣ ಉತ್ತರ ಬರೆಯಲು ಕೂತು ಹಲವು ಸಲ ಎದ್ದೆ. ನೀನು ಹೇಳಿದ್ದನ್ನು ಪರೀಕ್ಷೆ ಮಾಡಿಯೇ ಒಪ್ಪಬೇಕೆಂದು ಮನೆಯಲ್ಲಿ ನನ್ನ ಮಾತಿಗೆ ನಾನೇ ಕಿವಿ ಇಟ್ಟೆ. ಅಪ್ಪನಿಗೆ ದಿನಕ್ಕೆ ಎಷ್ಟು ಸಲ 'ಅಲ್ಲ' ಹಚ್ಚುತ್ತೇನೆ ಎಂದರೆ, ಪಾಪ, ಅವರು ತಲೆ ಆಡಿಸುವ ಅಭ್ಯಾಸವನ್ನೇ ಮಾಡಿಕೊಂಡಿದ್ದಾರೆ. ನಿನ್ನೆ ಅವರಿಗೆ "ಕಾಫಿ ಬೇಕಾ?" ಎಂದೆ. ತಲೆ ಆಡಿಸಲು ಹೋಗಿ ತಡೆದು, "ಬೇಡ, ಇವತ್ತು ಟೀ," ಎಂದರು. ಅವರಿಗೆ ಟೀ ಇಷ್ಟ ಎಂಬುದು ನನಗೆ ಗೊತ್ತಿರಲಿಲ್ಲ.

ಆಂಪ್ಲಿಫೈಯರ್ ಆಯಿತು. ಇನ್ನು ನಿನ್ನನ್ನು ಎಲ್ಲಿಗೂ ಓಡಿಸುವುದಿಲ್ಲ, ಬರೆಯಲು ನೆಪವೂ ಉಳಿದಿಲ್ಲ. ಈ ಸಾಲಿಗೆ ಮೊದಲು ಶಾಯಿಯಲ್ಲಿ ಹೊಡೆದುಹಾಕಿರುವುದು ಏನೆಂದು ಬೆಳಕಿಗೆ ಹಿಡಿದು ನೋಡಬೇಡ, ನಾನೇ ಹೇಳುತ್ತೇನೆ. 'ಕ್ರಿಸ್‌ಮಸ್ ರಜೆಗೆ ಬರುತ್ತೀಯಲ್ಲ' ಎಂದು ಬರೆದಿದ್ದೆ. ಕೈಗೆ ಅಷ್ಟು ಅಭ್ಯಾಸವಾಗಿದೆ. ಈಗ ಸರಿಯಾಗಿ ಬರೆಯುತ್ತೇನೆ. ಇಲ್ಲ ಎಂದರೂ ಓದುತ್ತೇನೆ.

ಗ್ರೀಷ್ಮಾ, ಮನೆಗೆ ಬರುತ್ತೀಯಾ?

ಅಮ್ಮ